ನೋಡೋಕೆ ಏನಿದೆ ಅಲ್ಲಿ?

ಬಾರಕೂರಿಗೆ ಹೋಗಿ ಬನ್ನಿ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ ಇದು. ಬೆಂಗಳೂರಿನವರು ಕೇಳಿದರೆ ಬೇಜಾರಿಲ್ಲ. ಉಡುಪಿಯವರು, ಕುಂದಾಪುರದವರೂ ಇದನ್ನೇ ಕೇಳ್ತಾರೆ. ಬಸ್ರೂರಿನ ಹೆಸರು ಹೇಳಿ ನೋಡಿ, ಮತ್ತೆ ಅದೇ ಮಾತು. ‘ಅಲ್ಲೆಂತ ಇತ್ತ್ ಮಾರ್ರೆ, ನಾಕ್ ದೇವಸ್ಥಾನ, ಒಂದಷ್ಟ್ ಕಲ್ಲ್’ ಅಂತ ಮಾತು ಮುಗಿಸಿಬಿಡ್ತಾರೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನಾ ಎಷ್ಟು ಬಸ್ಸು, ಎಷ್ಟು ಕಾರು ಹೋಗುತ್ತವೆ ಯೋಚಿಸಿ. ಉಡುಪಿಯಲ್ಲಿ ಕೃಷ್ಣನ ದರ್ಶನ, ಆನೆಗುಡ್ಡೆಯಲ್ಲಿ ಗಣಪತಿ, ಮರವಂತೆಯಲ್ಲಿ ಐದು ನಿಮಿಷ ಸೆಲ್ಫಿ, ಕೊಲ್ಲೂರಿನಲ್ಲಿ ಮೂಕಾಂಬಿಕೆ, ಅಲ್ಲಿಂದ ಮುರುಡೇಶ್ವರ. ಎರಡು ದಿನದ ಟೂರ್ ಮುಗೀತು. ಈ ದಾರಿಯಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ತಾಲ್ಲೂಕುಗಳನ್ನು ದಾಟಿ ಹೋಗಿರುತ್ತಾರೆ. ಆದರೆ ಒಂದು ಕಾಲಕ್ಕೆ ಮೊರಾಕ್ಕೊದಿಂದ ಪೋರ್ಚುಗಲ್‌ವರೆಗೆ ಜನರಿಗೆ ಗೊತ್ತಿದ್ದ ಎರಡು ನಗರಗಳು ಆ ದಾರಿಯ ಹತ್ತಿರದಲ್ಲೇ ಇದ್ದವು ಅನ್ನೋದು ಅವರಿಗೆ ಗೊತ್ತೇ ಆಗಿರುವುದಿಲ್ಲ.

ಹಾಗಾದರೆ ತಪ್ಪು ಯಾರದು? ಪ್ರವಾಸಿಗರದ್ದಾ? ಇಲಾಖೆಯದ್ದಾ? ಊರಿನವರದ್ದಾ? ಆ ಪಂಚಾಯಿತಿಗೆ ಆಮೇಲೆ ಬರೋಣ. ಮೊದಲು ಅಲ್ಲಿ ಏನಿತ್ತು ಅಂತ ನೋಡೋಣ.

1342ರ ಸುಮಾರಿಗೆ ಒಬ್ಬ ಪ್ರವಾಸಿ ಈ ಕರಾವಳಿಯಲ್ಲಿ ಹಡಗಿನಲ್ಲಿ ಇಳಿದು ಬಂದ. ಹೆಸರು ಇಬ್ನ್ ಬತೂತ. ಊರು ಮೊರಾಕ್ಕೊದ ಟ್ಯಾಂಜಿಯರ್. ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಆಸ್ಥಾನದಲ್ಲಿ ಇದ್ದವನು, ಚೀನಾಕ್ಕೆ ರಾಯಭಾರಿಯಾಗಿ ಹೊರಟಿದ್ದ. ಹೊನ್ನಾವರ ದಾಟಿದ ಮೇಲೆ ಅವನು ಎರಡು ಊರುಗಳ ಹೆಸರು ಬರೆಯುತ್ತಾನೆ. ಒಂದು ಅಬು ಸರೂರ್, ಇನ್ನೊಂದು ಫಾಕನೂರ್. ಅಬು ಸರೂರ್ ಅಂದರೆ ನಮ್ಮ ಬಸ್ರೂರು. ಫಾಕನೂರ್ ಅಂದರೆ ನಮ್ಮ ಬಾರಕೂರು.

ಬಸ್ರೂರನ್ನು ಅವನು ತೆಂಗಿನ ಮರಗಳ ನಡುವಿನ ಚಿಕ್ಕ ಊರು ಅಂತಾನೆ. ಬಾರಕೂರು ಹಾಗಲ್ಲ, ದೊಡ್ಡ ಊರು. ಅಲ್ಲಿನ ಕಬ್ಬಿನಂಥ ಕಬ್ಬು ಬೇರೆಲ್ಲೂ ಕಾಣೆ ಅಂತ ಹೊಗಳುತ್ತಾನೆ. ಅಲ್ಲಿನ ದೊರೆಗೆ ಸುಮಾರು 30 ಯುದ್ಧದ ಹಡಗುಗಳಿದ್ದವು. ಆ ಹಡಗುಗಳ ನಾಯಕ ಲೂಲಾ ಅನ್ನುವ ಒಬ್ಬ ಮುಸಲ್ಮಾನ. ಆ ಬಂದರಿನ ಎದುರು ಹಾದುಹೋಗುವ ಯಾವ ಹಡಗೂ ಲಂಗರು ಹಾಕದೆ, ದೊರೆಗೆ ಕಾಣಿಕೆ ಕೊಡದೆ ಮುಂದೆ ಹೋಗುವ ಹಾಗಿರಲಿಲ್ಲ. ಹೋದರೆ ಬೆನ್ನಟ್ಟಿ ಹಿಡಿಯುತ್ತಿದ್ದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಸಮುದ್ರದ ಮೇಲೆ ಟೋಲ್ ಗೇಟ್! ನಮ್ಮ ಹೆದ್ದಾರಿಯಲ್ಲಿ ಸಾಸ್ತಾನದ ಟೋಲ್ ಗೇಟ್ ಬಗ್ಗೆ ಜಗಳ ಮಾಡ್ತೀವಲ್ಲ, ಆರೂಮುಕ್ಕಾಲು ಶತಮಾನದ ಹಿಂದೆ ಅದೇ ಆಸುಪಾಸಿನಲ್ಲಿ ನೀರಿನ ಮೇಲೆ ಟೋಲ್ ಇತ್ತು.

ಇಬ್ನ್ ಬತೂತ ಬಂದ ಕಾಲ ಎಂಥದ್ದು ಗೊತ್ತಾ? ವಿಜಯನಗರ ಹುಟ್ಟಿ ಆರೇ ವರ್ಷ. ಹೊಯ್ಸಳ ಮೂರನೆಯ ಬಲ್ಲಾಳ ಮಧುರೆಯ ಸುಲ್ತಾನನ ಜೊತೆ ಹೋರಾಡುತ್ತಿದ್ದ ಕೊನೆಯ ದಿನಗಳು. ಆ ಬಲ್ಲಾಳನ ರಾಣಿ ಆಳುಪ ಮನೆತನದ ಹೆಣ್ಣುಮಗಳು, ಚಿಕ್ಕಾಯಿ ತಾಯಿ. ಗಂಡ ಯುದ್ಧದಲ್ಲಿ ಸತ್ತ ಮೇಲೂ ಬಾರಕೂರಿನಿಂದ ಆಳ್ವಿಕೆ ನಡೆಸಿದವಳು. ಅವಳ ಹೆಸರಿನ ಶಾಸನಗಳಿವೆ. ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ ಅಂತ ಹೆಸರು ಹೇಳುವಾಗ ಚಿಕ್ಕಾಯಿ ತಾಯಿಯ ಹೆಸರು ನಮ್ಮ ಬಾಯಿಗೆ ಬರುತ್ತಾ? ಬರಲ್ಲ. ಅವಳು ಆಳಿದ ಊರಲ್ಲಿ ‘ನೋಡೋಕೆ ಏನಿದೆ’ ಅಂತ ಕೇಳ್ತೀವಿ.

ಆಳುಪರು ಅಂದರೆ ಯಾರೋ ಸಣ್ಣಪುಟ್ಟ ಪಾಳೆಯಗಾರರು ಅಂದುಕೊಳ್ಳಬೇಡಿ. ಕನ್ನಡದ ಮೊದಲ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನದಲ್ಲೇ ಆಳುಪರ ಹೆಸರಿದೆ. ಅದು ಸುಮಾರು ಕ್ರಿ.ಶ. 450ರದ್ದು. ಬ್ರಹ್ಮಾವರ ತಾಲ್ಲೂಕಿನ ವಡ್ಡರ್ಸೆಯಲ್ಲಿರುವ ಆಳುಪ ಶಾಸನ ಏಳನೆಯ ಶತಮಾನದ್ದು, ಕರಾವಳಿಯ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಹಲ್ಮಿಡಿಯಿಂದ ಚಿಕ್ಕಾಯಿ ತಾಯಿಯವರೆಗೆ ಲೆಕ್ಕ ಹಾಕಿ. ಒಂಬೈನೂರು ವರ್ಷ! ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು ಬಂದರು, ಹೋದರು. ಘಟ್ಟದ ಕೆಳಗೆ ಆಳುಪರು ಒಮ್ಮೆ ಇವರಿಗೆ ಕಪ್ಪ ಕೊಟ್ಟು, ಒಮ್ಮೆ ಅವರ ಜೊತೆ ನೆಂಟಸ್ತಿಕೆ ಮಾಡಿ, ತಮ್ಮ ನಾಡನ್ನು ಉಳಿಸಿಕೊಂಡೇ ಬಂದರು. ಆಮೇಲೆ ವಿಜಯನಗರದವರು ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಅಂತ ಮಾಡಿ ಅಧಿಕಾರಿಗಳನ್ನು ಇಟ್ಟರು. ಶಾಸನಗಳಲ್ಲಿ ‘ಬಾರಕೂರು ಗದ್ಯಾಣ’ ಅಂತ ಬರುತ್ತದೆ. ತನ್ನ ಹೆಸರಿನಲ್ಲೇ ನಾಣ್ಯ ಇದ್ದ ಊರು ಅದು.

ಈಗ ಅಸಲಿ ಪ್ರಶ್ನೆಗೆ ಬರೋಣ. ಅಷ್ಟು ದೊಡ್ಡ ಊರಾಗಿದ್ದರೆ ಹಂಪಿಯ ಹಾಗೆ ಯಾಕೆ ಕಾಣಲ್ಲ? ಕಲ್ಲಿನ ರಥ ಎಲ್ಲಿ? ಕಮಲ ಮಹಲ್ ಎಲ್ಲಿ?

ಉತ್ತರ ಕಾಲ ಕೆಳಗೇ ಇದೆ. ಕರಾವಳಿಯಲ್ಲಿ ಕಟ್ಟಡಕ್ಕೆ ಬಳಸುವುದು ಮುರಕಲ್ಲು. ಕೆಂಪುಕಲ್ಲು, ಚಿರೆಕಲ್ಲು, ಜಂಬಿಟ್ಟಿಗೆ ಅಂತ ಒಂದೊಂದು ಕಡೆ ಒಂದೊಂದು ಹೆಸರು. ಲಕ್ಷಾಂತರ ವರ್ಷಗಳ ಸುಡುಬಿಸಿಲು, ಜಡಿಮಳೆ ಸೇರಿ ಬಂಡೆಯಲ್ಲಿದ್ದ ಸಿಲಿಕಾವನ್ನು ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಅಂಶವನ್ನು ಮಾತ್ರ ಉಳಿಸಿದಾಗ ಹುಟ್ಟುವ ಕಲ್ಲು ಇದು. ನೆಲದೊಳಗೆ ಇದ್ದಾಗ ಮೆತ್ತಗಿರುತ್ತದೆ, ಕೊಡಲಿಯಂಥ ಆಯುಧದಲ್ಲಿ ಕಡಿದು ಇಟ್ಟಿಗೆಯ ಹಾಗೆ ತೆಗೆಯಬಹುದು. ಗಾಳಿಗೆ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಅನ್ನುವ ಸ್ಕಾಟ್ಲೆಂಡಿನ ವೈದ್ಯ 1800-01ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯವರ ಕೈಗೆ ಬಂದ ನಾಡುಗಳನ್ನು ನೋಡುತ್ತಾ ಮಲಬಾರಿನಿಂದ ಈ ಕರಾವಳಿಗುಂಟ ಬಂದವನು. ಈ ಕಲ್ಲಿಗೆ ‘ಲ್ಯಾಟರೈಟ್’ ಅಂತ ಹೆಸರಿಟ್ಟವನು ಅವನೇ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಇವತ್ತು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇರುವ ಆ ಶಬ್ದ ಹುಟ್ಟಿದ್ದು ನಮ್ಮ ಈ ಪಶ್ಚಿಮ ಕರಾವಳಿಯ ಕೆಂಪು ಕಲ್ಲಿನಿಂದ.

ಆದರೆ ಮುರಕಲ್ಲಿನಲ್ಲಿ ತುಂಬ ತೂತುಗಳು. ಅದರಲ್ಲಿ ಬೇಲೂರಿನ ಶಿಲಾಬಾಲಿಕೆಯನ್ನು ಕೆತ್ತಲಾಗದು. ಹಾಗಾಗಿ ಇಲ್ಲಿನವರು ಗೋಡೆಗೆ ಮುರಕಲ್ಲು ಅಥವಾ ಮಣ್ಣು, ಮಾಡಿಗೆ ಮರ, ಮೇಲೆ ಹುಲ್ಲು, ಹೆಂಚು, ಕಲ್ಲುಚಪ್ಪಡಿ ಅಥವಾ ತಾಮ್ರದ ತಗಡು ಬಳಸಿದರು. ವಿಗ್ರಹಕ್ಕೆ, ಶಾಸನಕ್ಕೆ, ಕಂಬಕ್ಕೆ ಮಾತ್ರ ಗಟ್ಟಿ ಶಿಲೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಮರ ಕೊಳೆಯುತ್ತದೆ, ಮಣ್ಣು ಕರಗುತ್ತದೆ. ಬಿದ್ದ ಮುರಕಲ್ಲು ಮುಂದಿನ ಮನೆಯ ತಳಪಾಯಕ್ಕೆ ಹೋಗುತ್ತದೆ. ಬಯಲುಸೀಮೆಯ ಬಿಸಿಲಲ್ಲಿ ಹಂಪಿ ಒಣಗಿ ಉಳಿಯಿತು. ಕರಾವಳಿಯ ಮಳೆಯಲ್ಲಿ ಬಾರಕೂರು ಕರಗಿ ಹೋಯಿತು. ವ್ಯತ್ಯಾಸ ಇಷ್ಟೇ.

ಅದಕ್ಕೇ ಹೇಳೋದು, ಬಾರಕೂರನ್ನು ಬಸ್ಸಿನ ಕಿಟಕಿಯಿಂದ ನೋಡೋಕಾಗಲ್ಲ. ಐವತ್ತು ಜನ ಒಟ್ಟಿಗೆ ಇಳಿದು, ‘ಅರ್ಧ ಗಂಟೆ ಟೈಮು, ಬೇಗ ಬೇಗ’ ಅಂದರೂ ಆಗಲ್ಲ. ಹತ್ತು ಹನ್ನೆರಡು ಜನ, ಜೊತೆಗೆ ಊರಿನ ಇತಿಹಾಸ ಗೊತ್ತಿರುವ ಒಬ್ಬರು, ಕಾಲಲ್ಲಿ ಶಕ್ತಿ, ಕೈಯಲ್ಲಿ ನೀರಿನ ಬಾಟಲಿ, ಎರಡು ದಿನ ಬಿಡುವು. ಇಷ್ಟಿದ್ದರೆ ನೆಲ ಮಾತಾಡೋಕೆ ಶುರು ಮಾಡುತ್ತದೆ. ಬನ್ನಿ, ಹಾಗೊಂದು ಸುತ್ತು ಹೋಗೋಣ.

ಮೊದಲ ದಿನ ಬ್ರಹ್ಮಾವರದಿಂದ ಬಾರಕೂರು. ಊರು ಇರುವುದು ಸೀತಾ ನದಿಯ ದಡದಲ್ಲಿ. ಒಳಗೆ ಹೋಗುತ್ತಾ ಹೆಸರುಗಳನ್ನು ಕೇಳಿಸಿಕೊಳ್ಳಿ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ. ಹಳ್ಳಿಗೆ ಇಷ್ಟು ಕೇರಿ ಯಾಕೆ ಬೇಕು? ಹಳ್ಳಿಗೆ ಬೇಡ, ನಗರಕ್ಕೆ ಬೇಕು. ಒಂದೊಂದು ಕೇರಿ ಅಂದರೆ ಇವತ್ತಿನ ಬೆಂಗಳೂರಿನ ಒಂದೊಂದು ಪೇಟೆ, ಒಂದೊಂದು ಬಡಾವಣೆ. ಕಟ್ಟಡ ಬಿದ್ದು ಹೋಯಿತು, ನಗರದ ನಕ್ಷೆ ಮಾತ್ರ ಜನರ ಬಾಯಲ್ಲಿ, ಬಸ್ ಸ್ಟಾಪಿನ ಹೆಸರಲ್ಲಿ ಉಳಿದಿದೆ.

ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನಕ್ಕೆ ಹೋಗಿ. ಹಿಂಭಾಗಕ್ಕೆ ಒಂದು ಸುತ್ತು ಬಂದರೆ ಗರ್ಭಗುಡಿಯ ಗೋಡೆ ಮೂಲೆಯಿಲ್ಲದೆ ದುಂಡಗೆ ತಿರುಗುವುದು ಕಾಣುತ್ತದೆ. ಆನೆಯ ಬೆನ್ನಿನ ಆಕಾರ, ಗಜಪೃಷ್ಠ ಅಂತಾರೆ. ಹೇಳುವವರು ಇಲ್ಲದಿದ್ದರೆ ಕೈಮುಗಿದು, ಪ್ರಸಾದ ತಗೊಂಡು ಬಂದುಬಿಡ್ತೀರಿ. ಆಮೇಲೆ ಕತ್ತಲೆ ಬಸದಿ. ಹೆಸರಲ್ಲೇ ಕತ್ತಲೆ. ಮೂರ್ತಿ ಇಲ್ಲದ, ಪೂಜೆ ಇಲ್ಲದ, ಸುತ್ತ ಬಿದ್ದ ಕಲ್ಲುಗಳ ನಡುವೆ ನಿಂತಿರುವ ಜೈನ ಬಸದಿ. ಒಂದು ಕಾಲಕ್ಕೆ ಈ ಕರಾವಳಿಯಲ್ಲಿ ಜೈನರು ವ್ಯಾಪಾರದಲ್ಲಿ, ಅರಸೊತ್ತಿಗೆಯಲ್ಲಿ ಎಷ್ಟು ಗಟ್ಟಿಯಾಗಿದ್ದರು ಅನ್ನೋದಕ್ಕೆ ಅದೇ ಸಾಕ್ಷಿ. ಒಳಗೆ ಒಟ್ಟಿಗೆ ಹತ್ತು ಜನ ನಿಂತರೆ ಸಾಕು, ಹನ್ನೊಂದನೆಯವರಿಗೆ ಏನೂ ಕಾಣಲ್ಲ. ಸಣ್ಣ ಗುಂಪು ಯಾಕೆ ಬೇಕು ಅನ್ನೋದು ಇಲ್ಲಿ ಯಾರೂ ಹೇಳದೆ ಗೊತ್ತಾಗುತ್ತದೆ. ಕೋಟೆಯ ಜಾಗದಲ್ಲಿ ಗೋಡೆ ಹುಡುಕಬೇಡಿ. ಕಂದಕದ ತಗ್ಗು, ಗಿಡಗಂಟಿಯೊಳಗೆ ಹೂತ ತಳಪಾಯ, ಇಷ್ಟನ್ನು ನೋಡೋಕೆ ಕಣ್ಣು ಪಳಗಬೇಕು.

ಬಾರಕೂರಲ್ಲಿ ಗೈಡ್ ಆದವರು ಒಂದು ಕಥೆ ಹೇಳದೆ ಬಿಡಲ್ಲ. ವರ್ಷಕ್ಕೆ ಎಷ್ಟು ದಿನವೋ ಅಷ್ಟು, 365 ದೇವಸ್ಥಾನ ಇತ್ತಂತೆ. ದೇವಪಾಂಡ್ಯ ಅನ್ನುವ ವ್ಯಾಪಾರಿ ಹೊಸ ಹಡಗು ಕಟ್ಟಿಸಿದನಂತೆ. ನೀರಿಗಿಳಿಸುವ ಹೊತ್ತಿಗೆ ಕುಂಡೋದರ ಅನ್ನುವ ಭೂತ ಅಡ್ಡ ಬಂದು ನಿನ್ನ ಮಗನನ್ನು ಬಲಿ ಕೊಡು ಅಂತಂತೆ. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ತಂದು ನಿಲ್ಲಿಸಿದಳು. ಭೂತ ಮೆಚ್ಚಿ ಆ ಹುಡುಗನನ್ನು ಬಿಟ್ಟಿತು, ಮುಂದೆ ಅವನೇ ಭೂತಾಳ ಪಾಂಡ್ಯ ಅನ್ನುವ ಅರಸನಾದ, ಮಾವನ ಆಸ್ತಿ ಅಳಿಯನಿಗೆ ಅನ್ನುವ ಅಳಿಯಸಂತಾನ ಕಟ್ಟಳೆ ತಂದ.

ಚೆಂದದ ಕಥೆ. ಆದರೆ ಒಳ್ಳೆ ಗೈಡ್ ಇಲ್ಲಿಗೇ ನಿಲ್ಲಿಸಲ್ಲ. ಈ ಕಥೆಗೆ ಕೋರ್ಟಿನ ತನಕ ಕಾಲು ಬಂದಿತ್ತು! ಭೂತಾಳ ಪಾಂಡ್ಯನ ಕಟ್ಟುಕಟ್ಟಳೆ ಅನ್ನುವ ಪುಸ್ತಕವನ್ನು ಬ್ರಿಟಿಷರ ಕಾಲದಲ್ಲಿ ಆಸ್ತಿ ವ್ಯಾಜ್ಯಗಳಲ್ಲಿ ಪ್ರಮಾಣ ಅಂತ ತೋರಿಸುತ್ತಿದ್ದರು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ವಿದ್ವಾಂಸ ಎ.ಸಿ. ಬರ್ನೆಲ್ ಅದು ಖೋಟಾ ಅಂದ. ಪುಸ್ತಕ ಖೋಟಾ ಇರಬಹುದು, ಸಂಪ್ರದಾಯ ಮಾತ್ರ ಸುಳ್ಳಲ್ಲ. ತಾಯಿಯ ಕಡೆಯಿಂದ ಆಸ್ತಿ ಹೋಗುವ ಪದ್ಧತಿ ಈ ಕರಾವಳಿಯ ಸಾವಿರಾರು ಮನೆಗಳಲ್ಲಿ ನಡೆದುಬಂದದ್ದು. ಕೊನೆಗೆ ಮದರಾಸು ಸರ್ಕಾರ 1949ರಲ್ಲಿ ಅಳಿಯಸಂತಾನ ಕಾಯ್ದೆ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಪದ್ಧತಿ ಸಡಿಲಾಯಿತು. ನೋಡಿ, ಕಥೆ ಕೇಳಿ ‘ಓಹೋ’ ಅಂದು ಹೋಗುವುದಕ್ಕೂ, ಅದು ನಮ್ಮಜ್ಜಿಯ ಮನೆಯ ಗದ್ದೆಯ ಪಾಲಿನ ತನಕ ಬಂದದ್ದು ಅಂತ ತಿಳಿಯುವುದಕ್ಕೂ ಎಷ್ಟು ವ್ಯತ್ಯಾಸ!

ಇದು ಯಾಕೆ ಮುಖ್ಯ ಅಂತೀರಾ? ಪಾಳು ಬಿದ್ದ ಜಾಗಕ್ಕೆ ಬಾಯಿಲ್ಲ. ಅದರ ಪರವಾಗಿ ಯಾರು ಮಾತಾಡ್ತಾರೋ ಅವರು ಹೇಳಿದ್ದೇ ಇತಿಹಾಸ ಆಗುತ್ತದೆ. ಗೈಡ್ ದಂತಕಥೆಯನ್ನು ದಂತಕಥೆ ಅಂತ, ಶಾಸನವನ್ನು ಶಾಸನ ಅಂತ ಬೇರೆ ಬೇರೆ ಮಾಡಿ ಹೇಳಬೇಕು. ಪಾದೂರು ಗುರುರಾಜ ಭಟ್ಟರು ಮಾಡಿದ್ದು ಅದೇ ಕೆಲಸ. ಊರೂರು ತಿರುಗಿ, ಗುಡಿ ಗುಡಿ ಹೊಕ್ಕು, ವಿಗ್ರಹಗಳನ್ನು ನೋಡಿ 1975ರಲ್ಲಿ ತುಳುನಾಡಿನ ಇತಿಹಾಸ ಮತ್ತು ಸಂಸ್ಕೃತಿಯ ಬಗ್ಗೆ ದೊಡ್ಡ ಗ್ರಂಥ ಕೊಟ್ಟರು. ಅದಕ್ಕೂ ಮೊದಲು 1970ರಲ್ಲಿ ಶಾಸನತಜ್ಞ ಕೆ.ವಿ. ರಮೇಶ್ ದಕ್ಷಿಣ ಕನ್ನಡದ ಇತಿಹಾಸವನ್ನು ಶಾಸನಗಳ ಆಧಾರದಲ್ಲಿ ಬರೆದರು. ಇವರಿಬ್ಬರು ಇಲ್ಲದಿದ್ದರೆ ನಮಗೆ ಕುಂಡೋದರ ಗೊತ್ತಿರುತ್ತಿದ್ದ, ಚಿಕ್ಕಾಯಿ ತಾಯಿ ಗೊತ್ತಿರುತ್ತಿರಲಿಲ್ಲ.

ಸಂಜೆಗೆ ಹಂಗಾರಕಟ್ಟೆ. ಸೀತಾ, ಸ್ವರ್ಣಾ ನದಿಗಳು ಸೇರಿ ಕೋಡಿಬೆಂಗ್ರೆಯ ಹತ್ತಿರ ಸಮುದ್ರಕ್ಕೆ ಬೀಳುತ್ತವೆ. ಬಾರಕೂರಿನ ಹಡಗುಗಳು ಸಮುದ್ರಕ್ಕೆ ಹೋಗುತ್ತಿದ್ದುದು ಈ ನದೀಮುಖದಿಂದಲೇ. ಇವತ್ತೂ ಅಲ್ಲಿ ಬೋಟು ಕಟ್ಟುವ, ರಿಪೇರಿ ಮಾಡುವ ಕೆಲಸ ನಡೆಯುತ್ತದೆ. ರಾಜಧಾನಿ ಹೋಯಿತು, ಕಸುಬು ಉಳಿಯಿತು.

ಎರಡನೆಯ ದಿನ ಕುಂದಾಪುರದಿಂದ ಒಳಗೆ, ವಾರಾಹಿ ನದಿಯ ದಡದ ಬಸ್ರೂರು. ಬಾರಕೂರು ಅರಸರ ಊರಾದರೆ ಬಸ್ರೂರು ಸೆಟ್ಟರ ಊರು. ಇಲ್ಲಿನ ಶಾಸನಗಳಲ್ಲಿ ಹಲರು, ಸೆಟ್ಟಿಕಾರರು, ನಕರರು ಅಂತೆಲ್ಲ ಬರುತ್ತದೆ. ಎಲ್ಲ ವರ್ತಕರ ಸಂಘಗಳು. ಕರಾವಳಿಯ ಶಾಸನಗಳಲ್ಲಿ ‘ಹಂಜಮಾನ’ ಅನ್ನುವ ಶಬ್ದವೂ ಸಿಗುತ್ತದೆ. ಅದು ಪರ್ಷಿಯನ್ನಿನ ‘ಅಂಜುಮನ್’. ಅರಬ್ಬಿ ಸಮುದ್ರದಾಚೆಯಿಂದ ಬಂದು ನೆಲೆಸಿದ ವ್ಯಾಪಾರಿಗಳ ಕೂಟ. ನೋಡಿ, ಶಾಸನದ ಕಲ್ಲು ನಮ್ಮ ಈಗಿನ ಜಗಳಗಳಿಗಿಂತ ಎಷ್ಟು ಹಳೆಯದು, ಎಷ್ಟು ದೊಡ್ಡ ಮನಸ್ಸಿನದು.

ಇಲ್ಲಿ ಮಾರಾಟವಾಗುತ್ತಿದ್ದುದು ಏನು? ಚಿನ್ನವಲ್ಲ, ವಜ್ರವಲ್ಲ. ಅಕ್ಕಿ! 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸಾ ಈ ಎರಡೂ ಬಂದರುಗಳ ಹೆಸರು ಹೇಳಿ, ಇಲ್ಲಿಂದ ಮಲಬಾರಿಗೆ, ಓರ್ಮುಜ್‌ಗೆ, ಏಡನ್‌ಗೆ ಅಕ್ಕಿ ಹೋಗುವುದನ್ನು ದಾಖಲಿಸಿದ್ದಾನೆ. ನಾವು ಗಂಜಿ ಉಂಡು ಮಿಕ್ಕ ಅಕ್ಕಿ ಕೊಲ್ಲಿಯ ಊರುಗಳ ಹೊಟ್ಟೆ ತುಂಬಿಸುತ್ತಿತ್ತು. ಅದರ ಮೇಲೆ ಪೋರ್ಚುಗೀಸರ ಕಣ್ಣು ಬೀಳದೆ ಇರುತ್ತಾ? 1569ರಲ್ಲಿ ಗಂಗೊಳ್ಳಿಯ ಕಡೆ ಕೋಟೆ ಹಾಕಿಕೊಂಡು ಕೂತರು. ಬಸ್ರೂರು ಅವರ ಬಾಯಲ್ಲಿ ‘ಬಾರ್ಸೆಲೋರ್’ ಆಯಿತು. ಸುಮಾರು ಎಂಟು ದಶಕದ ನಂತರ ಕೆಳದಿಯ ಶಿವಪ್ಪ ನಾಯಕ ಘಟ್ಟ ಇಳಿದು ಬಂದು ಆ ಕೋಟೆಯನ್ನು ಕಿತ್ತುಕೊಂಡ.

ಅಲ್ಲಿಗೆ ಮುಗೀತಾ? ಇಲ್ಲ. 1665ರ ಫೆಬ್ರುವರಿ 8. ಶಿವಾಜಿ ಮಹಾರಾಜರು ಮಾಲ್ವಣದಿಂದ ಹಡಗು ಹತ್ತಿದರು. 85 ಚಿಕ್ಕ ಹಡಗು, 3 ದೊಡ್ಡ ಹಡಗು. ಗೋವಾದ ಪೋರ್ಚುಗೀಸರ ಕಣ್ಣೆದುರೇ ದಾಟಿ ನೇರ ಬಂದದ್ದು ಬಸ್ರೂರಿಗೆ. ಆಗ ಬಸ್ರೂರು ಕೆಳದಿಯವರ ಕೈಯಲ್ಲಿತ್ತು. ಪೇಟೆಯನ್ನು ಲೂಟಿ ಮಾಡಿ, ವಾಪಸು ಹೋಗುವಾಗ ಗೋಕರ್ಣದಲ್ಲಿ ಶಿವರಾತ್ರಿಯ ಸ್ನಾನ ಮುಗಿಸಿ, ಕಾರವಾರದ ಕಡೆ ನಡೆದರು. ಮಹಾರಾಷ್ಟ್ರದ ಪುಸ್ತಕಗಳಲ್ಲಿ ಇದು ಶಿವಾಜಿಯ ನೌಕಾಬಲದ ಹೆಮ್ಮೆಯ ಅಧ್ಯಾಯ. ಬಸ್ರೂರಿನ ವರ್ತಕನ ಕಡೆಯಿಂದ ನೋಡಿದರೆ? ಅಂಗಡಿ ಖಾಲಿಯಾದ ದಿನ. ಒಂದೇ ಘಟನೆ. ಎಲ್ಲಿ ನಿಂತು ನೋಡ್ತೀರಿ ಅನ್ನೋದರ ಮೇಲೆ ಅದರ ಬಣ್ಣ ಬದಲಾಗುತ್ತದೆ. ಅದಕ್ಕೇ ಬಸ್ರೂರಿಗೆ ಹೋಗಿ, ಬಸ್ರೂರಿನ ನೆಲದ ಮೇಲೆ ನಿಂತು ಒಮ್ಮೆ ಈ ಕಥೆ ಕೇಳಬೇಕು.

ಇಷ್ಟೆಲ್ಲ ನಡೆದ ಊರಲ್ಲಿ ಈಗ ನಿಮಗೆ ಕಾಣುವುದು ಮಹಾಲಿಂಗೇಶ್ವರ ದೇವಸ್ಥಾನ, ಇನ್ನೂ ಕೆಲವು ಗುಡಿಗಳು, ತೋಟ, ಶಾಂತವಾದ ಹೊಳೆ. ಮತ್ತೆ ತುಳುವೇಶ್ವರ. ಒಂದು ದೊಡ್ಡ ಮರ ಗುಡಿಯನ್ನೇ ತಬ್ಬಿಕೊಂಡು ಬೆಳೆದಿದೆ. ಗೋಡೆಯೆಲ್ಲಿ ಮುಗಿಯುತ್ತದೆ, ಬೇರೆಲ್ಲಿ ಶುರುವಾಗುತ್ತದೆ ಗೊತ್ತಾಗಲ್ಲ. ಕಾಂಬೋಡಿಯಾದ ತಾ ಪ್ರೋಮ್ ದೇವಾಲಯದಲ್ಲಿ ಬೇರುಗಳ ಎದುರು ಫೋಟೋ ತೆಗೆಸಿಕೊಳ್ಳೋಕೆ ನಮ್ಮವರು ಲಕ್ಷ ರೂಪಾಯಿ ಖರ್ಚು ಮಾಡ್ತಾರೆ. ಕುಂದಾಪುರದಿಂದ ಆಟೊದಲ್ಲಿ ಹೋಗುವ ಜಾಗದಲ್ಲಿ ಅಂಥದ್ದೇ ಒಂದು ನೋಟ ಇದೆ ಅಂತ ಎಷ್ಟು ಜನರಿಗೆ ಗೊತ್ತು?

ಬಂದರುಗಳು ಸತ್ತದ್ದು ಹೇಗೆ ಅಂತ ತಿಳಿಯಬೇಕಾದರೆ ಗುಡಿಯಿಂದ ಹೊರಗೆ ಬಂದು ಹೊಳೆ ನೋಡಬೇಕು. ಕುಂದಾಪುರ, ಗಂಗೊಳ್ಳಿಯ ನಡುವೆ ಐದು ಹೊಳೆಗಳು ಸೇರುತ್ತವೆ. ವಾರಾಹಿ, ಚಕ್ರಾ, ಸೌಪರ್ಣಿಕಾ, ಕುಬ್ಜಾ, ಖೇಟಾ. ಪಂಚಗಂಗಾವಳಿ ಅಂತ ಹೆಸರು. ನಡುವೆ ಕುದ್ರುಗಳು, ಅಂದರೆ ಹೊಳೆಯ ದ್ವೀಪಗಳು. ದಡದಲ್ಲಿ ಕಾಂಡ್ಲಾ ಗಿಡ. ಯಕ್ಷಗಾನದ ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಇರುವುದು ಇಲ್ಲೇ. ಘಟ್ಟದಿಂದ ಹೊಳೆ ತರುವ ಹೂಳೇ ಕುದ್ರುವನ್ನು ಕಟ್ಟುತ್ತದೆ, ಅದೇ ಹೂಳು ಒಳನಾಡಿನ ಬಂದರನ್ನು ಮುಚ್ಚುತ್ತದೆ. ಹಡಗು ದೊಡ್ಡದಾಗುತ್ತಾ ಹೋಯಿತು, ಹೊಳೆಯ ಆಳ ಕಡಿಮೆಯಾಗುತ್ತಾ ಹೋಯಿತು. ಯುದ್ಧ, ಲೂಟಿ, ವ್ಯಾಪಾರದ ದಾರಿ ಬದಲಾದದ್ದು ಎಲ್ಲ ಸೇರಿ ಪೇಟೆ ಖಾಲಿಯಾಯಿತು.

ಅಲ್ಲಿಂದ ಉತ್ತರಕ್ಕೆ ಮರವಂತೆ. ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ, ಮಧ್ಯೆ ರಸ್ತೆ. ಫೋಟೋ ಎಲ್ಲರೂ ತೆಗೀತಾರೆ. ಆದರೆ ಒಂದು ವಿಚಿತ್ರವನ್ನು ಯಾರೂ ಕೇಳಲ್ಲ. ಸಮುದ್ರ ಇಷ್ಟು ಹತ್ತಿರ ಇದ್ದರೂ ಹೊಳೆ ಯಾಕೆ ಸಮುದ್ರಕ್ಕೆ ಸೇರುತ್ತಿಲ್ಲ? ಕೊಲ್ಲೂರಿನ ಕಡೆಯಿಂದ ಬಂದ ಸೌಪರ್ಣಿಕಾ ಇಲ್ಲಿ ಸಮುದ್ರದ ಬಾಗಿಲ ತನಕ ಬಂದು, ಅಲೆಗಳು ತಂದು ಒಟ್ಟಿದ ಮರಳಿನ ದಿಣ್ಣೆಗೆ ತಡೆದು, ದಕ್ಷಿಣಕ್ಕೆ ತಿರುಗಿ, ಮೈಲುಗಟ್ಟಲೆ ನಡೆದು ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಆ ಮರಳ ದಿಣ್ಣೆಯ ಮೇಲೇ ನಮ್ಮ ರಾಷ್ಟ್ರೀಯ ಹೆದ್ದಾರಿ. ಸಮುದ್ರ ಅದನ್ನು ಕೊರೆಯುತ್ತಲೇ ಇದೆ. ದಡದಿಂದ ನೀರಿನೊಳಕ್ಕೆ ಚಾಚಿದ ಕಲ್ಲಿನ ತಡೆಗಳು ಕಾಣ್ತಾವಲ್ಲ, ಅವು ಕುಳಿತು ಫೋಟೋ ತೆಗೆಸಿಕೊಳ್ಳೋಕೆ ಹಾಕಿದ್ದಲ್ಲ, ರಸ್ತೆ ಉಳಿಸೋಕೆ ಹಾಕಿದ್ದು.

ಕೊನೆಗೆ ಬೈಂದೂರು. ಸೇನೇಶ್ವರ ದೇವಸ್ಥಾನದ ಕಲ್ಲಿನ ಕೆತ್ತನೆ ನೋಡಿ. ಮುರಕಲ್ಲಿನ ನಾಡಿನಲ್ಲಿ ಘಟ್ಟದ ಮೇಲಿನ ಶೈಲಿಯ ಅಷ್ಟು ಸೂಕ್ಷ್ಮ ಕೆತ್ತನೆ ಅಪರೂಪ. ಸೂರ್ಯ ಮುಳುಗುವ ಹೊತ್ತಿಗೆ ಒತ್ತಿನೆಣೆಯ ಗುಡ್ಡ ಹತ್ತಿ. ಕಾಲ ಕೆಳಗೆ ಕೆಂಪು ಮುರಕಲ್ಲು, ಕೆಳಗೆ ಸೋಮೇಶ್ವರದ ಕಡಲತೀರ, ಬೆನ್ನ ಹಿಂದೆ ಘಟ್ಟದ ನೀಲಿ ಗೆರೆ. ಇನ್ನೊಂದು ದಿನ ಬಿಡುವಿದ್ದರೆ ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಹತ್ತಬಹುದು. ಅಲ್ಲಿನ ಕಂಬ ಕಂಬದ ಬಂಡೆಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಲಾವಾ ತಣ್ಣಗಾಗಿ ಬಿರಿದು ಆದವು. ಆ ಲೆಕ್ಕದಲ್ಲಿ ನಮ್ಮ ಆಳುಪರು ನಿನ್ನೆ ಮೊನ್ನೆಯವರು.

ಈಗ ಪಂಚಾಯಿತಿಗೆ ಬರೋಣ. ತಪ್ಪು ಯಾರದು?

ಕೇಂದ್ರದ 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ರಾಷ್ಟ್ರೀಯ ಸ್ಮಾರಕ ಅಂತ ಆದ ಜಾಗದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ನಿಯಮ ಒಳ್ಳೆಯದೇ. ಆದರೆ ಊರಿನ ಸಾಮಾನ್ಯ ಮನುಷ್ಯನ ಜಾಗದಲ್ಲಿ ನಿಂತು ಯೋಚಿಸಿ. ತೋಟಕ್ಕೆ ಗುಂಡಿ ತೆಗೆಯುವಾಗ ಅಕ್ಷರ ಇರುವ ಕಲ್ಲು ಸಿಕ್ಕಿತು ಅಂದುಕೊಳ್ಳಿ. ಅವನಿಗೆ ಖುಷಿಯಾಗುತ್ತಾ? ‘ಇನ್ನು ಮಗನಿಗೆ ಮನೆ ಕಟ್ಟೋಕೆ ಬಿಡ್ತಾರೋ ಇಲ್ವೋ’ ಅಂತ ಭಯವಾಗುತ್ತದೆ. ಭಯ ಆದವನು ಕಲ್ಲನ್ನು ಮತ್ತೆ ಮಣ್ಣಿಗೆ ಹಾಕಿದರೆ ಅವನನ್ನು ಬೈಯ್ಯೋದು ಸುಲಭ. ಆದರೆ ಆ ಕಲ್ಲಿನಿಂದ ಅವನಿಗೆ ತೊಂದರೆ ಮಾತ್ರ ಇದೆ, ಲಾಭ ಏನೂ ಇಲ್ಲ ಅನ್ನುವ ಸ್ಥಿತಿ ಮಾಡಿಟ್ಟವರು ನಾವೇ ಅಲ್ವಾ?

2019ರಲ್ಲಿ ಬಾರಕೂರಲ್ಲಿ ಆಳುಪೋತ್ಸವ ಮಾಡಿದರು. ವೇದಿಕೆ, ದೀಪ, ಜನ. ಉತ್ಸವ ಬೇಕು, ಬೇಡ ಅನ್ನಲ್ಲ. ಆದರೆ ಉತ್ಸವದ ಪೆಂಡಾಲು ಬಿಚ್ಚಿದ ಮೇಲೆ ಉಳಿದ ದಿನಗಳಲ್ಲಿ ಅಲ್ಲಿ ಬಂದವರಿಗೆ ದಾರಿ ತೋರಿಸೋರು ಯಾರು?

ಇಲ್ಲೇ ಆ ಹನ್ನೆರಡು ಜನರ ಗುಂಪು ಕೆಲಸಕ್ಕೆ ಬರುವುದು. ಊರಿನದೇ ಪದವಿ ಓದಿದ ಹುಡುಗ ಹುಡುಗಿಯರಿಗೆ ಶಾಸನ ಓದೋದು, ವಿಗ್ರಹ ಗುರುತಿಸೋದು, ಕಲ್ಲು ಗುರುತಿಸೋದು ಕಲಿಸಿ. ವಾರಕ್ಕೆ ಎರಡು ಗುಂಪು ಬಂದರೂ ಅವರಿಗೆ ಕೈಗೆ ನಾಲ್ಕು ಕಾಸು. ಮಧ್ಯಾಹ್ನ ಯಾರದೋ ಮನೆಯ ಜಗಲಿಯಲ್ಲಿ ಕುಚ್ಚಲಕ್ಕಿ ಊಟ, ಕೋಳಿ ಸುಕ್ಕ, ನೀರುದೋಸೆ ಆದರೆ ಆ ಮನೆಗೂ ನಾಲ್ಕು ಕಾಸು. ಅಂಗಳದ ಕಲ್ಲನ್ನು ನೋಡೋಕೆ ದೂರದಿಂದ ಜನ ಬರ್ತಾರೆ ಅಂತಾದರೆ ಅದರ ಮೇಲೆ ಬಟ್ಟೆ ಒಗೆಯೋಕೆ ಮನಸ್ಸು ಬರುತ್ತಾ? ಇಲಾಖೆಯ ಹತ್ತು ಬೋರ್ಡು ಮಾಡದ ಕೆಲಸ ಇದು ಮಾಡುತ್ತದೆ.

ಇನ್ನೊಂದು ಮಾತು. ಜನ ಬಂದರೆ ಜಾಗ ಹಾಳಾಗುತ್ತದೆ ಅನ್ನುವವರಿದ್ದಾರೆ. ಅದು ಪೂರ್ತಿ ಸುಳ್ಳಲ್ಲ. ಕುಂದಾಪುರ ಕಡೆಯ ಬುದ್ಧನಜೆಡ್ಡು, ಕೊಲ್ಲೂರು ಕಾಡಿನ ಅವಲಕ್ಕಿ ಪಾರೆಯಂಥ ಕಡೆ ಆದಿಮಾನವರು ಬಂಡೆಯ ಮೇಲೆ ಕೊರೆದ ಚಿತ್ರಗಳಿವೆ. ಪ್ರೊ. ಟಿ. ಮುರುಗೇಶಿ ಅಂಥವನ್ನು ಬೆಳಕಿಗೆ ತಂದವರು. ಅಲ್ಲಿಗೆ ನೂರು ಜನ ಬೂಟು ಹಾಕಿಕೊಂಡು ರೀಲ್ಸ್ ಮಾಡೋಕೆ ಹೋದರೆ ಸಾವಿರಾರು ವರ್ಷ ಮಳೆಗೆ ಜಗ್ಗದ ಗೆರೆ ನಮ್ಮ ಕಾಲಿಗೆ ಸವೆದುಹೋಗುತ್ತದೆ. ಅದಕ್ಕೇ ಲೆಕ್ಕ ಇರಬೇಕು. ಕಾಡಿನ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗುಡಿಗೆ ಅದರ ಪದ್ಧತಿಗೆ ಮರ್ಯಾದೆ ಕೊಟ್ಟೇ ಹೋಗಬೇಕು. ಶಾಸನಕ್ಕೆ ಸುಣ್ಣ, ಪೇಂಟು, ಎಣ್ಣೆ ಹಚ್ಚಿ ಓದೋಕೆ ಹೋಗಬಾರದು. ಸಂಜೆಯ ಓರೆ ಬಿಸಿಲು ಬಿದ್ದರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಅದಕ್ಕೆ ಕಾಯುವ ತಾಳ್ಮೆ ಬೇಕು, ಅಷ್ಟೇ.

ಮಳೆಗಾಲ ಕಳೆದು ನವೆಂಬರ್ ಬಂದರೆ ಹೋಗೋಕೆ ಹದವಾದ ಕಾಲ. ಹುಲ್ಲು ಒಣಗಿ ತಳಪಾಯದ ಗೆರೆಗಳು ಕಾಣೋಕೆ ಶುರುವಾಗುತ್ತವೆ. ಮಕ್ಕಳನ್ನೂ ಕರ್ಕೊಂಡು ಹೋಗಿ. ಬಾರಕೂರಿನ ಕೇರಿಗಳಲ್ಲಿ ನಡೆಸಿ, ಬಸ್ರೂರಿನ ಹೊಳೆಯ ದಡದಲ್ಲಿ ನಿಲ್ಲಿಸಿ, ಇಲ್ಲಿಂದ ಏಡನ್ನಿಗೆ ಅಕ್ಕಿ ಹೋಗ್ತಿತ್ತು ಕಣೋ ಅಂತ ಹೇಳಿ. ಶಾಲೆಯ ಪುಸ್ತಕದಲ್ಲಿ ದೆಹಲಿಯ ಸುಲ್ತಾನರ ಇಸವಿ ಬಾಯಿಪಾಠ ಮಾಡಿದ ಮಗುವಿಗೆ, ಅದೇ ಸುಲ್ತಾನನ ರಾಯಭಾರಿ ತಮ್ಮೂರಿನ ಕಬ್ಬು ತಿಂದು ಹೊಗಳಿ ಹೋದ ಅಂತ ಗೊತ್ತಾಗಲಿ. ಆಮೇಲೆ ಆ ಮಗು ‘ಬಾರಕೂರಲ್ಲಿ ನೋಡೋಕೆ ಏನಿದೆ’ ಅಂತ ಯಾವತ್ತೂ ಕೇಳಲ್ಲ.